ಮೂಗಿಲ್ಲದ ಉಪಗ್ರಹ

ಹವಾಮಾನ ಕಚೇರಿಯಲ್ಲಿ ಮಳೆಯವರಿಗೆ ಇರುವ ಮರ್ಯಾದೆ ಹೊಗೆಯವರಿಗೆ ಇಲ್ಲ. ಮಳೆಯವರು ಟೀವಿಯಲ್ಲಿ ಬರುತ್ತಾರೆ. ಕೋಟು ಹಾಕಿಕೊಂಡು ನಕ್ಷೆಯ ಮುಂದೆ ಕೈ ಬೀಸುತ್ತಾರೆ, ಹೇಳಿದ್ದು ಸುಳ್ಳಾದರೂ ಮರುದಿನ ಅದೇ ಕೋಟಿನಲ್ಲಿ ನಗುನಗುತ್ತ ಹಾಜರಾಗುತ್ತಾರೆ. ಹೊಗೆಯವರಿಗೆ ಸಿಕ್ಕಿರುವುದು ಮೇಲಿನ ಮಹಡಿಯ ಮೂಲೆಯಲ್ಲಿ, ಶೌಚಾಲಯಕ್ಕೆ ಅಂಟಿಕೊಂಡ ಒಂದು ಕೋಣೆ. ಹೊಗೆಯವರು ಅಂದರೆ ಏನೋ ಒಂದು ದಂಡು ಅಂದುಕೊಳ್ಳಬೇಡಿ, ಅಲ್ಲಿರುವುದು ಒಬ್ಬಳೇ. ನಡುವಯಸ್ಸು, ದಪ್ಪ ಕನ್ನಡಕ, ಕುರ್ಚಿಗೆ ಸದಾ ನೇತುಹಾಕಿದ ಒಂದು ಸ್ವೆಟರ್. ಕಚೇರಿಯ ಮುಖ್ಯಸ್ಥನಿಂದ ಗೇಟಿನವನವರೆಗೆ ಎಲ್ಲರೂ ಅವಳನ್ನು ಹೊಗೆ ಮೇಡಂ ಅನ್ನುತ್ತಾರೆ.

ಹೊಗೆ ನೋಡುತ್ತೇನೆ ಎಂದು ಹಟ ಹಿಡಿದು ಯಾರೂ ಹುಟ್ಟುವುದಿಲ್ಲ. ಇವಳು ಭೂಗೋಳ ಓದಿದ್ದೇ ಬೇರೆ ವಿಷಯಗಳ ಮುಂದೆ ಸಾಲು ಉದ್ದವಿತ್ತು ಎಂಬ ಕಾರಣಕ್ಕೆ. ಕಚೇರಿಗೆ ಸೇರಿದ್ದು ಟೆಲಿಫೋನ್ ಎತ್ತುವ ಕೆಲಸಕ್ಕೆ. ‘ನಾಳೆ ನಮ್ಮ ಬಟ್ಟೆ ಒಣಗುತ್ತಾ’ ಎಂದು ಕೇಳುವವರಿಗೂ, ಒಣಗಲಿಲ್ಲ ಎಂದು ಮರುದಿನ ಉಗಿಯುವವರಿಗೂ ಒಂದೇ ದನಿಯಲ್ಲಿ ಉತ್ತರ ಕೊಟ್ಟು ಕೊಟ್ಟು ಅವಳ ಚರ್ಮ ದಪ್ಪವಾಗಿತ್ತು. ಹೊಗೆ ವಿಭಾಗ ಶುರುವಾದಾಗ ಮುಖ್ಯಸ್ಥ ಅವಳನ್ನೇ ಆರಿಸಿದ. ಈ ಮುಖ್ಯಸ್ಥನಿಗೆ ‘ಶೇಕಡಾ ನಲವತ್ತು’ ಎಂದು ಅಡ್ಡಹೆಸರು. ಮಳೆ ಬರುತ್ತಾ ಎಂದು ಯಾರೇ ಕೇಳಲಿ, ‘ನಲವತ್ತು ಪರ್ಸೆಂಟ್ ಚಾನ್ಸ್ ಇದೆ’ ಅನ್ನುವುದು ಅವನ ವೃತ್ತಿಜೀವನದ ಸಾರ. ಬಂದರೂ ಸರಿ, ಬರದಿದ್ದರೂ ಸರಿ, ಹಾವೂ ಸಾಯಬಾರದು ಕೋಲೂ ಮುರಿಯಬಾರದು.

“ಬೈಸ್ಕೊಂಡು ಅಭ್ಯಾಸ ಇರೋರು ಬೇಕು ಈ ಕೆಲಸಕ್ಕೆ. ನೀವೇ ಸರಿ” ಎಂದ ಶೇಕಡಾ ನಲವತ್ತು. ಅವಳು ಅದನ್ನು ಬಡ್ತಿ ಎಂದುಕೊಂಡಳು.

ಕೆಲಸ ಹೇಳುವುದಕ್ಕೆ ಸುಲಭ. ಭೂಮಿಯ ಜೊತೆಜೊತೆಗೇ ಸುತ್ತುವ ಉಪಗ್ರಹವೊಂದು ಹತ್ತು ನಿಮಿಷಕ್ಕೊಮ್ಮೆ ನೆಲದ ಚಿತ್ರ ಕಳಿಸುತ್ತದೆ. ಆ ಚಿತ್ರಗಳನ್ನು ಒಂದರ ಹಿಂದೊಂದು ಸಿನಿಮಾದ ಹಾಗೆ ಓಡಿಸಿ, ಯಾವುದು ಮೋಡ, ಯಾವುದು ಮಂಜು, ಯಾವುದು ಧೂಳು, ಯಾವುದು ಹೊಗೆ ಎಂದು ಬೇರೆ ಮಾಡಬೇಕು. ಆಮೇಲೆ ಹೊಗೆಯ ಸುತ್ತ ಮೌಸಿನಿಂದ ಗೆರೆ ಎಳೆದು, ತೆಳು, ಮಧ್ಯಮ, ದಟ್ಟ ಎಂದು ಬಣ್ಣ ತುಂಬಬೇಕು. ಮೋಡ ಹೂಕೋಸಿನಂತೆ ಉಬ್ಬಿಕೊಳ್ಳುತ್ತದೆ. ಮಂಜು ತಗ್ಗಿನಲ್ಲಿ ಕದಲದೆ ಕೂತು, ಬಿಸಿಲೇರಿದಾಗ ಅಂಚಿನಿಂದ ಕರಗುತ್ತದೆ. ಹೊಗೆಗೆ ಮಾತ್ರ ಒಂದು ಬುಡ ಇರುತ್ತದೆ. ಬುಡದಲ್ಲಿ ಸಣ್ಣಗೆ, ಗಾಳಿ ಎಳೆದತ್ತ ಹೋದಂತೆ ಅಗಲ. ನಡುಮಧ್ಯಾಹ್ನ ಅದು ಕಣ್ಣಿಗೆ ಬೀಳುವುದು ಕಷ್ಟ, ಸೂರ್ಯ ಓರೆಯಾದಾಗ ಕಳ್ಳ ಸಿಕ್ಕಿಬಿದ್ದಂತೆ ಸಿಕ್ಕಿಬೀಳುತ್ತದೆ. ಇದರ ಜೊತೆಗೆ ನೆಲದಲ್ಲಿ ವಿಪರೀತ ಕಾವಿದ್ದ ಕಡೆ ಕಂಪ್ಯೂಟರ್ ತಾನೇ ಒಂದು ಕೆಂಪು ಚುಕ್ಕೆ ಇಡುತ್ತದೆ. ಚುಕ್ಕೆ ಬಿದ್ದ ಕಡೆಗೆ ಅಗ್ನಿಶಾಮಕ ದಳಕ್ಕೆ ತಂತಾನೇ ಸಂದೇಶ ಹೋಗುತ್ತದೆ.

ಗೆರೆ ಎಳೆದ ಮೇಲೆ ಜಗಳ ಶುರು. ಈ ಜಿಲ್ಲೆಯವರು ಹೊಗೆ ಆ ಜಿಲ್ಲೆಯದು ಅನ್ನುತ್ತಾರೆ, ಆ ಜಿಲ್ಲೆಯವರು ಈ ಜಿಲ್ಲೆಯದು ಅನ್ನುತ್ತಾರೆ. ಹೊಗೆಯೇನು ಗಡಿಯಲ್ಲಿ ನಿಂತು ಗುರುತಿನ ಚೀಟಿ ತೋರಿಸುತ್ತದೆಯೇ? ‘ಸ್ವಲ್ಪ ಆ ಕಡೆ ಸರಿಸಿ ಮೇಡಂ’ ಎಂದು ದೊಡ್ಡ ದೊಡ್ಡವರೇ ಫೋನ್ ಮಾಡಿದ್ದುಂಟು. ಅವಳು ಫೋನನ್ನು ಕಿವಿಯಿಂದ ದೂರ ಹಿಡಿದು, ಬೈಗುಳ ಮುಗಿದ ಮೇಲೆ ‘ಆಯ್ತು ಸರ್’ ಎಂದು ಇಟ್ಟುಬಿಡುತ್ತಿದ್ದಳು. ಗೆರೆ ಇದ್ದಲ್ಲೇ ಇರುತ್ತಿತ್ತು.

ಇನ್ನು ಮನೆ. ಎರಡನೆಯ ಮಹಡಿಯಲ್ಲಿ ಮೂರು ಕೋಣೆ, ಗಂಡ, ಮತ್ತು ಗಂಡನ ತಾಯಿ. ಅತ್ತೆ ಅಂದ ಕೂಡಲೇ ಸೀರಿಯಲ್ಲಿನ ಅತ್ತೆಯನ್ನು ನೆನೆಸಿಕೊಳ್ಳಬೇಡಿ, ಇವರು ಬಸ್ಸಿನ ಅತ್ತೆ. ಸರ್ವೀಸು ಪೂರ್ತಿ ನಗರದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅವರ ಮೂಗು ಡಿಪೋದಲ್ಲೆಲ್ಲ ಪ್ರಸಿದ್ಧ. ಕುಡಿದು ಹತ್ತಿದವನನ್ನು ಮೆಟ್ಟಿಲ ಮೇಲೇ ಮೂಸಿ ಇಳಿಸುತ್ತಿದ್ದರು. ಚೀಲದ ತಳದಲ್ಲಿ ಹಸಿ ಮೀನು ಬಚ್ಚಿಟ್ಟುಕೊಂಡು ಕೂತವರನ್ನು ಹಿಂದಿನ ಬಾಗಿಲಿನಿಂದಲೇ ಪತ್ತೆ ಹಚ್ಚುತ್ತಿದ್ದರು. ಟಿಕೆಟ್ ತೆಗೆದುಕೊಳ್ಳದವನ ಬೆವರಿನ ವಾಸನೆಯೇ ಬೇರೆ ಎಂದು ಅವರ ವಾದ. ಆದರೆ ಅದೇ ಮೂಗಿನಿಂದ ಅಷ್ಟು ವರ್ಷ ಡೀಸೆಲ್ ಹೊಗೆಯನ್ನೂ ಎಳೆದುಕೊಂಡಿದ್ದರು. ಮೂಗು ಉಳಿಯಿತು, ಶ್ವಾಸಕೋಶ ಹೋಯಿತು. ‘ಇನ್ನೊಂದು ಸಲ ಹೊಗೆ ಸರಿಯಾಗಿ ಒಳಗೆ ಹೋದ್ರೆ ನಾನು ಜವಾಬ್ದಾರನಲ್ಲ’ ಎಂದು ಡಾಕ್ಟರು ಮುಲಾಜಿಲ್ಲದೆ ಹೇಳಿದ್ದರು.

ಹೀಗಾಗಿ ಆ ಮನೆಯಲ್ಲಿ ಒಂದು ಕಾನೂನು ಜಾರಿಗೆ ಬಂತು. ಬೆಳಿಗ್ಗೆ ಸೊಸೆ ಕಚೇರಿಗೆ ಹೋಗಿ, ಮೊದಲ ಚಿತ್ರಗಳನ್ನು ಓಡಿಸಿ ನೋಡಿ, ಮನೆಗೆ ಫೋನ್ ಮಾಡಬೇಕು. ‘ಹೋಗ್ಬಹುದು ಅತ್ತೆ’ ಅಂದರೆ ಅತ್ತೆ ಮೆಟ್ಟಿಲಿಳಿದು ಕಟ್ಟಡದ ಮುಂದಿನ ಬೆಂಚಿನ ಮೇಲೆ ಗೆಳತಿಯರ ಜೊತೆ ಕೂರಬಹುದು. ‘ಬೇಡ’ ಅಂದರೆ ಕಿಟಕಿ ಹಾಕಿಕೊಂಡು ಒಳಗೇ. ಆಯುಷ್ಯವಿಡೀ ಊರಿಗೆಲ್ಲ ಟಿಕೆಟ್ ಹರಿದು ಕೊಟ್ಟವರು ಈಗ ಸೊಸೆಯ ಟಿಕೆಟ್ಟಿಗೆ ಕಾಯಬೇಕು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವುದು ಸುಮ್ಮನೆ ಅಲ್ಲ. ಸೊಸೆಗೆ ಇದರಿಂದ ಒಳಗೊಳಗೇ ಸಣ್ಣ ಖುಷಿಯಿತ್ತು ಎಂಬುದನ್ನೂ ಮುಚ್ಚಿಡುವುದು ಬೇಡ.

“ನನ್ನ ಮೂಗಿನ ಕೆಳಗೆ ಏನಿದೆ ಅಂತ ಹೇಳೋಕೆ ಮೂವತ್ತಾರು ಸಾವಿರ ಕಿಲೋಮೀಟರ್ ಮೇಲೆ ಹೋಗ್ಬೇಕಾ?” ಎಂದು ಅತ್ತೆ ಕೇಳುತ್ತಿದ್ದರು.

“ನಿಮ್ಮ ಮೂಗು ಈ ಬೀದಿ ದಾಟಲ್ಲ ಅತ್ತೆ. ಬೆಟ್ಟದ ಆ ಕಡೆ ಬೆಂಕಿ ಬಿದ್ರೆ, ನಿಮಗೆ ವಾಸನೆ ಬರೋಷ್ಟರಲ್ಲಿ ಹೊಗೆ ಒಳಗೆ ಹೋಗಿರುತ್ತೆ.”

“ನಿನ್ನ ಉಪಗ್ರಹಕ್ಕೆ ಮೂಗೇ ಇಲ್ವಲ್ಲ ತಾಯಿ. ಮೂಗಿಲ್ದೋನು ಹೊಗೆ ವಿಷಯ ಮಾತಾಡೋದು ನೋಡು.”

ಗಂಡ ಈ ಮಾತುಗಳ ನಡುವೆ ಬರುತ್ತಿರಲಿಲ್ಲ. ಅವನು ಹಲ್ಲು ಕಟ್ಟಿಸಿಕೊಳ್ಳುವವರಿಗೆ ಸೆಟ್ ಮಾಡಿಕೊಡುವವನು. ದಿನವಿಡೀ ಬಾಯಿಗಳ ಅಚ್ಚು ತೆಗೆದು, ಬಾಯಿ ಮುಚ್ಚಿಕೊಂಡಿರುವುದರ ಸುಖವನ್ನು ಚೆನ್ನಾಗಿ ಅರಿತಿದ್ದ.

ಹಿಂದಿನ ಬೇಸಿಗೆಯಲ್ಲಿ ಬೆಟ್ಟದಾಚೆಯ ಕಾಡಿಗೆ ಬೆಂಕಿ ಬಿತ್ತು. ಮಧ್ಯಾಹ್ನದ ಚಿತ್ರದಲ್ಲಿ ಹೊಗೆಯ ಬಾಲ ನಿಧಾನಕ್ಕೆ ಊರ ಕಡೆ ತಿರುಗುವುದನ್ನು ಸೊಸೆ ನೋಡಿದಳು. ಎಚ್ಚರಿಕೆ ಹೊರಡಿಸಿ, ಮನೆಗೆ ಫೋನ್ ಮಾಡಿ, ಕಿಟಕಿ ಹಾಕಿ ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಲು ಹೇಳಿದಳು. ಅತ್ತೆ ಮೂಸಿ ನೋಡಿದರು. ಆಕಾಶ ನೀಲಿ, ವಾಸನೆ ಏನೂ ಇಲ್ಲ. ಗೊಣಗುತ್ತಲೇ ಟವೆಲ್ ತುರುಕಿದರು. ಸಂಜೆಯ ಹೊತ್ತಿಗೆ ಬೀದಿಯಲ್ಲಿ ಎದುರಿಗಿದ್ದವರ ಮುಖ ಕಾಣಿಸುತ್ತಿರಲಿಲ್ಲ, ಊರಿಗೆ ಊರೇ ಕೆಮ್ಮುತ್ತಿತ್ತು. ಅತ್ತೆ ಮಾತ್ರ ಒಳಗೆ ಮಗನ ಜೊತೆ ಇಸ್ಪೀಟಾಡಿ, ಮೋಸ ಮಾಡಿ ಗೆದ್ದರು. ಸೊಸೆಯ ಎದುರು ಅವರ ಬಾಯಿಂದ ಒಂದು ಒಳ್ಳೆಯ ಮಾತೂ ಬರಲಿಲ್ಲ. ಆದರೆ ಬೆಂಚಿನ ಮೇಲೆ, ‘ನನ್ನ ಸೊಸೆ ಮೇಲಿಂದ ನೋಡ್ತಾಳೆ, ಅವಳು ಹೇಳಿದ್ರೆ ಕಿಟಕಿ ಹಾಕ್ಕೊಳ್ಳಿ’ ಎಂದು ಉಪದೇಶ ನಡೆಯುತ್ತಿದೆ ಎಂದು ಕೆಳಮನೆಯ ದರ್ಜಿಯಮ್ಮ ಬಂದು ವರದಿ ಒಪ್ಪಿಸಿದರು. ಆವತ್ತಿನಿಂದ ಬೀದಿಯ ಅರ್ಧ ಕಿಟಕಿಗಳು ಸೊಸೆಯ ಮಾತಿನಂತೆ ತೆರೆದು ಮುಚ್ಚತೊಡಗಿದವು.

ಆಮೇಲೆ ಮೂಗಿನ ಮಾನ ಇನ್ನಷ್ಟು ಇಳಿಯಿತು. ಒಂದು ದಿನ ಅತ್ತೆ ‘ಕಾಡು ಉರೀತಿದೆ’ ಎಂದು ಬೆಂಚಿನವರನ್ನೆಲ್ಲ ಎಬ್ಬಿಸಿ ಮನೆಯೊಳಗೆ ಅಟ್ಟಿದರು. ಚಿತ್ರದಲ್ಲಿ ಏನೂ ಇರಲಿಲ್ಲ. ವಿಚಾರಿಸಿದರೆ ದರ್ಜಿಯಮ್ಮ ಒಲೆಯ ಮೇಲೆ ಹಾಲಿಟ್ಟು ಮರೆತು, ಪಾತ್ರೆಯೇ ಕರಿಯಾಗಿ ಕೂತಿತ್ತು. ಬೆಂಚು ಬಹಳ ದಿನ ಇದನ್ನೇ ಹೇಳಿಕೊಂಡು ನಕ್ಕಿತು.

ಇಲ್ಲಿ ರೈಲುಹಳಿಯ ಆಚೆಗಿನ ಉಕ್ಕಿನ ಕಾರ್ಖಾನೆಯ ವಿಷಯ ಹೇಳಬೇಕು. ಅದರ ಕುಲುಮೆಯ ಕಾವಿಗೆ ಉಪಗ್ರಹ ದಿನಾ ಒಂದು ಕೆಂಪು ಚುಕ್ಕೆ ಇಡುತ್ತಿತ್ತು, ದಿನಾ ಅಗ್ನಿಶಾಮಕ ದಳಕ್ಕೆ ಸಂದೇಶ ಹೋಗುತ್ತಿತ್ತು. ದಳದ ಮುಖ್ಯಸ್ಥ ಕೊನೆಗೊಮ್ಮೆ ಫೋನ್ ಮಾಡಿ, “ಮೇಡಂ, ಅದು ಬೆಂಕಿ ಅಲ್ಲ, ಕುಲುಮೆ. ನಾವು ಗಂಟೆ ಹೊಡ್ಕೊಂಡು ಹೋದಾಗಲೆಲ್ಲ ಗೇಟಿನೋನು ಚಹಾ ಕುಡಿಸಿ ಕಳಿಸ್ತಾನೆ” ಎಂದ. ಇಂಥ ಕಡೆ ನಕ್ಷೆಯ ಮೇಲೆ ಒಂದು ಸುತ್ತು ಹಾಕಿಬಿಟ್ಟರೆ ಅದರೊಳಗೆ ಬಿದ್ದ ಚುಕ್ಕೆಯನ್ನು ಕಂಪ್ಯೂಟರ್ ತೋರಿಸುವುದಿಲ್ಲ. ಕಚೇರಿಯ ಭಾಷೆಯಲ್ಲಿ ಇದಕ್ಕೆ ಬಾಯಿ ಹೊಲಿಯುವುದು ಅನ್ನುತ್ತಾರೆ. ಅಷ್ಟು ಮೇಲಿನಿಂದ ನೋಡುವಾಗ ಚುಕ್ಕೆ ಇದ್ದಲ್ಲೇ ಇರುವುದಿಲ್ಲ, ಒಂದು ದಿನ ಈ ಮಗ್ಗುಲಿಗೆ, ಒಂದು ದಿನ ಆ ಮಗ್ಗುಲಿಗೆ ಸರಿಯುತ್ತದೆ. ಹೊಗೆ ಮೇಡಂ ಎರಡು ಸಲ ಚಿಕ್ಕ ಸುತ್ತು ಹಾಕಿ, ಎರಡು ಸಲವೂ ಚುಕ್ಕೆ ಹೊರಗೆ ಇಣುಕಿ, ಬೇಸತ್ತು ಮೂರನೆಯ ಸಲ ಧಾರಾಳವಾಗಿ ಎಳೆದಳು. ಪೀಡೆ ತೊಲಗಿತು. ಶೇಕಡಾ ನಲವತ್ತು ಶಭಾಷ್ ಎಂದ. ಸುತ್ತಿನೊಳಗೆ ಕಾರ್ಖಾನೆಯ ಜೊತೆಗೆ ಮತ್ತೇನಿದೆ ಎಂದು ಅವನೂ ಕೇಳಲಿಲ್ಲ, ಅವಳೂ ನೋಡಲಿಲ್ಲ. ಅಲ್ಲಿ ಹಳೆಯ ಟೈರುಗಳ ಒಂದು ಗೋದಾಮಿತ್ತು.

ಚಳಿಗಾಲದ ಒಂದು ಬೆಳಿಗ್ಗೆ ಊರಿಗೆ ಮಂಜು ಕವಿದಿತ್ತು. ಮೇಡಂ ಇನ್ನೂ ಕಂಪ್ಯೂಟರ್ ಹಚ್ಚುತ್ತಿರುವಾಗಲೇ ಮನೆಯಿಂದ ಫೋನು.

“ರಬ್ಬರ್ ಸುಟ್ಟ ವಾಸನೆ ಬರ್ತಿದೆ ಕಣೇ” ಎಂದರು ಅತ್ತೆ.

ಅವಳು ಚಿತ್ರಗಳನ್ನು ಓಡಿಸಿದಳು. ಊರ ಮೇಲೆ ಬಿಳಿ ಹಾಸು, ಕದಲುತ್ತಿಲ್ಲ, ಬುಡವಿಲ್ಲ, ಬಾಲವಿಲ್ಲ. ತೆಳ್ಳಗಿನ ಕಡೆ ನೆಲವೂ ಕಾಣುತ್ತಿತ್ತು. ಒಂದೇ ಒಂದು ಕೆಂಪು ಚುಕ್ಕೆ ಇರಲಿಲ್ಲ.

“ಮಂಜು ಅತ್ತೆ. ಬರೀ ಮಂಜು.”

“ಮಂಜಿಗೆ ಗಂಟಲು ಹಿಡಿಯುತ್ತಾ?”

“ಒಂದು ಚುಕ್ಕೆನೂ ಇಲ್ಲ ಅಂತಿದೀನಲ್ಲ. ದರ್ಜಿಯಮ್ಮ ಮತ್ತೆ ಏನಾದ್ರೂ ಸೀಸಿರ್ಬೇಕು. ಕಿಟಕಿ ಎಲ್ಲ ತೆಗೆದಿಡಿ, ವಾಸನೆ ಹೋಗುತ್ತೆ.”

“ಆಯ್ತಮ್ಮ. ಮೇಲಿಂದ ನೋಡೋಳು ನೀನು” ಎಂದು ಅತ್ತೆ ಫೋನ್ ಇಟ್ಟರು. ಎಂದಿನ ಕುಹಕ ಎಂದುಕೊಂಡು ಸೊಸೆ ನಕ್ಕಳು. ಅದು ಕುಹಕವಾಗಿರಲಿಲ್ಲ. ಅತ್ತೆ ಎದ್ದು ಹೋಗಿ ಒಂದೊಂದೇ ಕಿಟಕಿ ತೆರೆದಿಟ್ಟರು.

ಬಿಸಿಲೇರಿ ಮಂಜು ಅಂಚಿನಿಂದ ಕರಗತೊಡಗಿದಾಗ ಚಿತ್ರದಲ್ಲಿ ಒಂದು ಕಪ್ಪು ಬಾಲ ಕಂಡಿತು. ಮೇಡಂ ಅದನ್ನು ಹಿಡಿದುಕೊಂಡು ಹಿಂದೆ ಹಿಂದೆ ಹೋದಳು. ಬಾಲ ಅವಳ ಬೀದಿಯ ಮೇಲಿತ್ತು, ಬುಡ ಅವಳೇ ಹಾಕಿದ ಸುತ್ತಿನ ಒಳಗಿತ್ತು. ಚುಕ್ಕೆ ಬೆಳಗಿನಿಂದಲೂ ಬಿದ್ದೇ ಇತ್ತು, ಹೊಲಿದ ಬಾಯಿಯಿಂದ ಕೂಗುವುದು ಹೇಗೆ? ಮನೆಗೆ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಒಂದು ಕೈಯಲ್ಲಿ ಫೋನ್ ಹಿಡಿದು ಮತ್ತೊಂದು ಕೈಯಲ್ಲಿ ದಟ್ಟ ಹೊಗೆಯ ಗೆರೆ ಎಳೆದು ಎಚ್ಚರಿಕೆ ಕಳಿಸಿದಳು. ಗೆರೆ ಮಗು ಗೀಚಿದಂತೆ ಸೊಟ್ಟಂಪಟ್ಟವಾಗಿತ್ತು. ಅಷ್ಟರಲ್ಲಿ ದರ್ಜಿಯಮ್ಮನ ಫೋನ್ ಬಂತು. ಮೇಲಿನ ಮನೆಯಲ್ಲಿ ಏನೋ ಬಿದ್ದ ಸದ್ದಾಗಿ ಅವರು ಹತ್ತಿ ಹೋಗಿ ನೋಡಿದರೆ ಅತ್ತೆ ನೆಲದ ಮೇಲೆ ಬಿದ್ದಿದ್ದರಂತೆ, ಈಗ ಇಬ್ಬರೂ ಆಂಬ್ಯುಲೆನ್ಸಿನಲ್ಲಿದ್ದಾರಂತೆ.

ಮೂರು ದಿನ ಅತ್ತೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಸೊಸೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಒಂದೇ ಮಾತನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು, ಕಿಟಕಿ ತೆಗೆದಿಡಿ, ಕಿಟಕಿ ತೆಗೆದಿಡಿ. ಆ ಹೆಂಗಸನ್ನು ಇಷ್ಟು ವರ್ಷ ಬೈದುಕೊಂಡೇ ಎಷ್ಟು ಹಚ್ಚಿಕೊಂಡಿದ್ದೇನೆ ಎಂಬುದು ಅವಳಿಗೆ ಅಲ್ಲಿ ಗೊತ್ತಾಯಿತು. ಗಂಡನಿಗೆ ನಡೆದದ್ದನ್ನೆಲ್ಲ ಹೇಳಿದಳು. ಅವನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ನಾಲ್ಕನೆಯ ದಿನ ಅತ್ತೆ ಕಣ್ಣು ಬಿಟ್ಟು ಮಾತಾಡುವಂತಾದಾಗ ಮಂಚದ ಸುತ್ತ ಮಗ, ಸೊಸೆ, ದರ್ಜಿಯಮ್ಮ ಎಲ್ಲ ಇದ್ದರು. ಡಾಕ್ಟರು ಬಂದು, “ಅಲ್ಲಮ್ಮ, ಅಷ್ಟು ಹೊಗೇಲಿ ಕಿಟಕಿ ತೆಗೆದಿಟ್ಟು ಕೂತಿದ್ರಲ್ಲ, ವಾಸನೆ ಬರಲಿಲ್ವಾ ನಿಮಗೆ?” ಎಂದು ಕೇಳಿದರು.

ಸೊಸೆ ಬಾಯಿ ತೆರೆದಳು. ಅತ್ತೆ ಅವಳ ಕಡೆ ಒಂದು ನೋಟ ಬೀರಿದರು. ಆ ನೋಟಕ್ಕೆ ಒಂದು ಕಾಲದಲ್ಲಿ ತುಂಬಿದ ಬಸ್ಸಿನಿಂದ ಗಂಡಸರು ತಾವಾಗಿಯೇ ಇಳಿದು ಹೋಗುತ್ತಿದ್ದರು. ಆಮೇಲೆ ಆಕ್ಸಿಜನ್ ಮಾಸ್ಕನ್ನು ಪಕ್ಕಕ್ಕೆ ಸರಿಸಿ ಹೇಳಿದರು:

“ಇಲ್ಲ ಡಾಕ್ಟ್ರೇ. ಏನೂ ಬರಲಿಲ್ಲ. ನನ್ನ ಮೂಗು ಹೋಗಿ ಎಷ್ಟೋ ದಿನ ಆಯ್ತು. ಹೇಳ್ಕೊಳ್ಳೋಕೆ ನಾಚಿಕೆ ಆಗಿ ಸುಮ್ನಿದ್ದೆ.”

ದರ್ಜಿಯಮ್ಮ ಕಣ್ಣರಳಿಸಿ ನೋಡಿದರು. ಅವರಿಗೆ ತಿಳಿದ ಮೇಲೆ ಪತ್ರಿಕೆಯಲ್ಲಿ ಹಾಕಿಸಬೇಕಾದ ಅಗತ್ಯವಿರಲಿಲ್ಲ. ಸಂಜೆಯೊಳಗೆ ಕಂಡಕ್ಟರಮ್ಮನ ಮೂಗು ಸತ್ತ ಸುದ್ದಿ ಇಡೀ ಬೀದಿಗೆ ಮುಟ್ಟಿತು.

ಎಲ್ಲರೂ ಹೋದ ಮೇಲೆ ಸೊಸೆ ಮಂಚದ ಹತ್ತಿರ ಬಂದು, “ಯಾಕೆ ಅತ್ತೆ ಹಾಗಂದ್ರಿ? ನೀವು ಹೇಳಿದ್ರಲ್ಲ ನಂಗೆ, ಫೋನ್ ಮಾಡಿ” ಎಂದಳು.

“ಸುಮ್ನಿರು.” ಅತ್ತೆ ಉಸಿರು ಕೂಡಿಸಿಕೊಂಡರು. “ನನ್ನ ಮೂಗಿಂದ ಯಾರಿಗೇನಾಗ್ಬೇಕಿದೆ ಈಗ? ಬಸ್ಸಂತೂ ಹತ್ತಲ್ಲ. ನಾಳೆ ಬೇಸಿಗೇಲಿ ನೀನು ಕಿಟಕಿ ಹಾಕ್ಕೊಳ್ಳಿ ಅಂದಾಗ, ಇವಳು ಅವತ್ತು ತಪ್ಪು ಹೇಳಿದ್ಲು ಅಂತ ಬೀದಿಯೋರು ತೆಗೆದಿಟ್ಟು ಕೂತ್ರೆ? ಮಕ್ಕಳಿರೋ ಮನೆಗಳು.”

“ಆದ್ರೂ…”

“ಬಾಯಿ ಮುಚ್ಕೊಂಡಿರ್ಬೇಕು. ಹೇಳಿದೀನಿ.”

ಸೊಸೆ ಕಚೇರಿಗೆ ಹೋಗಿ ಸುತ್ತನ್ನು ಅಳಿಸಿದಳು. ಶೇಕಡಾ ನಲವತ್ತಿನ ಮುಂದೆ ನಿಂತು ತಪ್ಪು ತನ್ನದು ಎಂದಳು. ಅವನು ತಲೆ ಕೆರೆದುಕೊಂಡು, “ಪೂರ್ತಿ ನಿಮ್ದು ಅಂತ ಹೇಗೆ ಹೇಳೋದು? ಒಂದು ನಲವತ್ತು ಪರ್ಸೆಂಟ್ ಇರ್ಬಹುದು. ಉಳಿದಿದ್ದು ಮಂಜಿಂದು” ಎಂದ. ಅವಳು ಊರಲ್ಲಿರುವ ಎಲ್ಲ ಸುತ್ತುಗಳನ್ನೂ ಒಂದೊಂದಾಗಿ ತೆಗೆದು, ಆಯಾ ಕುಲುಮೆಗಷ್ಟೇ ಸಾಲುವ ಹಾಗೆ ಬಿಗಿಯಾಗಿ ಹಾಕಿದಳು. ಅಗ್ನಿಶಾಮಕ ದಳದವರಿಗೆ ವಾರಕ್ಕೆರಡು ಸಲ ಕಾರ್ಖಾನೆಯ ಗೇಟಿನಲ್ಲಿ ಚಹಾ ಮತ್ತೆ ಶುರುವಾಯಿತು.

ಅತ್ತೆ ಮನೆಗೆ ಬಂದರು. ಮೂಗಿಗೆ ಕೊಳವೆ, ಪಕ್ಕದಲ್ಲಿ ಸಿಲಿಂಡರ್. ಮೆಟ್ಟಿಲು ಇನ್ನು ಅವರಿಂದ ಆಗದು ಎಂದು ಡಾಕ್ಟರು ಹೇಳಿದ್ದರು. ರಜೆಯ ದಿನ ಗಂಡ ಹೆಂಡತಿ ಸೇರಿ ಅವರನ್ನು ಕುರ್ಚಿ ಸಮೇತ ಹೊತ್ತು ಕೆಳಗಿಳಿಸುತ್ತಿದ್ದರು. ಇಳಿಸುವಷ್ಟು ಹೊತ್ತೂ ಅತ್ತೆ ‘ರೈಟ್, ರೈಟ್, ಹೋಲ್ಡಾನ್’ ಎಂದು ಹುಕುಂ ಕೊಡುತ್ತಿದ್ದರು.

ಅಂಥ ಒಂದು ಸಂಜೆ ಸೊಸೆ ಅಂಗಡಿಯಿಂದ ವಾಪಸು ಬರುವಾಗ ಬೆಂಚಿನ ಮೇಲೆ ಆಟ ನಡೆಯುತ್ತಿತ್ತು. ದರ್ಜಿಯಮ್ಮ ಮುಷ್ಟಿಯೊಳಗೆ ಏನೋ ಹಿಡಿದು ಅತ್ತೆಯ ಮುಖದ ಹತ್ತಿರ ತಂದು, “ಇದೇನು ಹೇಳಿ ನೋಡೋಣ” ಅನ್ನುತ್ತಿದ್ದರು. ಅದು ಸುಲಿದ ಕಿತ್ತಳೆಯ ಸಿಪ್ಪೆ. ಸೊಸೆಗೆ ಅಷ್ಟು ದೂರಕ್ಕೂ ಘಮ್ಮೆಂದು ವಾಸನೆ ಬರುತ್ತಿತ್ತು.

ಅತ್ತೆ ಕೊಳವೆ ಸರಿಸಿ ಮೂಸಿದರು. ಯೋಚಿಸುವಂತೆ ನಟಿಸಿದರು. “ಸೋಪಾ?” ಎಂದರು.

ಬೆಂಚು ಬಿದ್ದು ಬಿದ್ದು ನಕ್ಕಿತು. ಇನ್ನೊಬ್ಬಾಕೆ ಕಾಫಿ ಲೋಟ ಹಿಡಿದರು. ಅತ್ತೆ ಮತ್ತೆ ಮೂಸಿ, “ಸೀಮೆಎಣ್ಣೆ” ಎಂದರು. ಎಲ್ಲರಿಗಿಂತ ಜೋರಾಗಿ ತಾವೇ ನಕ್ಕರು. ನಗು ಕೆಮ್ಮಾಗಿ, ಕೆಮ್ಮು ಮುಗಿದ ಮೇಲೆ, ಇನ್ನೊಂದಿದ್ದರೆ ತನ್ನಿ ಎಂದು ಮುಖ ಮುಂದೆ ಚಾಚಿದರು.

ಸೊಸೆಗೆ ತಡೆಯಲಾಗಲಿಲ್ಲ. ಕೈಚೀಲವನ್ನು ನೆಲಕ್ಕಿಟ್ಟು ಅವರ ನಡುವೆ ಹೋಗಿ ನಿಂತಳು.

“ಅತ್ತೆಗೆ ವಾಸನೆ ಬರುತ್ತೆ. ಅವತ್ತೂ ಬಂದಿತ್ತು. ನಂಗೆ ಫೋನ್ ಮಾಡಿ ರಬ್ಬರ್ ಸುಡ್ತಿದೆ ಅಂದ್ರು. ನಾನು ಇಲ್ಲ ಅಂದೆ. ಕಿಟಕಿ ತೆಗೆದಿಡಿ ಅಂತ ಹೇಳಿದ್ದೂ ನಾನೇ. ಚುಕ್ಕೆ ಬಾಯಿ ಹೊಲಿದಿದ್ದೂ ನಾನೇ.”

ಯಾರಿಗೂ ಚುಕ್ಕೆಯ ಮಾತು ಅರ್ಥವಾಗಲಿಲ್ಲ, ಉಳಿದದ್ದು ಅರ್ಥವಾಯಿತು. ದರ್ಜಿಯಮ್ಮನ ಕೈಯಲ್ಲಿದ್ದ ಸಿಪ್ಪೆ ಮಡಿಲಿಗೆ ಬಿತ್ತು. ಅತ್ತೆಯ ಮುಖ ಸಿಟ್ಟಿನಿಂದ ಕೆಂಪಾಯಿತು.

“ಎಷ್ಟು ಕಷ್ಟಪಟ್ಟು ಸುಳ್ಳು ಹೇಳಿ ನಿನ್ನ ಮಾತನ್ನ ಎತ್ತಿ ನಿಲ್ಲಿಸಿದ್ದೆ. ಒಂದು ನಿಜ ಹೇಳಿ ಎಲ್ಲಾ ಕೆಡವಿದೆಯಲ್ಲೇ” ಎಂದರು. ಮುಂದೆ ಬೈಯಲು ಉಸಿರು ಸಾಲಲಿಲ್ಲ. ಸೊಸೆ ಬಗ್ಗಿ ಕೊಳವೆಯನ್ನು ಮತ್ತೆ ಮೂಗಿಗೆ ಸಿಕ್ಕಿಸಿ, ಬೆನ್ನು ನೀವಿದಳು. ಅತ್ತೆ ಅವಳ ಕೈಯನ್ನು ಎರಡು ಸಲ ತಳ್ಳಿದರು, ಮೂರನೆಯ ಸಲ ತಳ್ಳಲಿಲ್ಲ.

ಕೊನೆಗೆ ದರ್ಜಿಯಮ್ಮ ಸಿಪ್ಪೆ ಎತ್ತಿಕೊಂಡು, ಅತ್ತೆಯ ಮುಖವನ್ನೂ ನೋಡದೆ ಸೊಸೆಯ ಮುಖವನ್ನೂ ನೋಡದೆ ಕೇಳಿದರು: “ಅದೆಲ್ಲ ಇರ್ಲಿ. ನಾಳೆ ಕಿಟಕಿ ತೆಗೀಬಹುದಾ, ಬೇಡ್ವಾ? ಅದನ್ನ ಹೇಳಿ ಮೊದ್ಲು.”

“ಬೆಳಿಗ್ಗೆ ಚಿತ್ರ ನೋಡ್ತೀನಿ. ಆಮೇಲೆ ಅತ್ತೆನ ಕೇಳ್ತೀನಿ. ಇಬ್ರೂ ಹೂಂ ಅಂದ್ರೆ ತೆಗೀರಿ” ಎಂದಳು ಸೊಸೆ.

ಅತ್ತೆ ಮುಖವನ್ನು ಕಟ್ಟಡದ ಗೋಡೆಯ ಕಡೆ ತಿರುಗಿಸಿಕೊಂಡು ಕಣ್ಣು ಒರೆಸಿಕೊಂಡರು. ಹೊಗೆ ತಾಗಿತು ಅನ್ನುವ ಹಾಗೂ ಇರಲಿಲ್ಲ, ಆ ಸಂಜೆ ಗಾಳಿ ಪೂರ್ತಿ ತಿಳಿಯಾಗಿತ್ತು.